ಎಲ್ವಿನ್ ಥೇಯರನ ಮೊದಲ ಹಬೆ

ಪೆಕ್ಸ್ ಗೋರ್ ಊರಿನಲ್ಲಿ ಹನ್ನೊಂದು ವರ್ಷದಿಂದ ಎಲ್ಲರಿಗಿಂತ ಕೊನೆಗೆ ಮೇಪಲ್ ಮರದ ರಸದಿಂದ ಸಿಹಿ ಪಾಕ ಕಾಯಿಸುತ್ತಿದ್ದವನು ಎಲ್ವಿನ್ ಥೇಯರ್. ಇದನ್ನು ಅವನೂ ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ವರ್ಷ ಊರಿನ ಒಬ್ಬೊಬ್ಬರೂ ಮರೆಯದೆ ಬಂದು ಅದನ್ನು ಅವನಿಗೇ ತಿಳಿಸಿ ಹೋಗುವ ಅಗತ್ಯವೇನಿತ್ತು ಎಂಬುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಒಂದು ವರ್ಷ ರಸ ಇಳಿಸಲು ಮರ ಕೊರೆಯುವ ಬೈರಿಗೆ ಕಳೆದುಹೋಗಿತ್ತು. ಮನೆಯೆಲ್ಲ ಜಾಲಾಡಿದ ಮೇಲೆ ಅವನು ತೊಟ್ಟುಕೊಂಡಿದ್ದ ಕೋಟಿನ ಜೇಬಿನಲ್ಲೇ ಸಿಕ್ಕಿತು. ಇನ್ನೊಂದು ವರ್ಷ ಪಾಕದ ಮನೆಯ ಚಿಮಣಿಯಲ್ಲಿ ಅಳಿಲೊಂದು ಸಂಸಾರ ಹೂಡಿತ್ತು. ಅದು ಖಾಲಿ ಮಾಡುವ ತನಕ ಬೆಂಕಿ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಹೋದ ವರ್ಷವಂತೂ ಅವನು ಒಲೆ ಹೊತ್ತಿಸುವ ಹೊತ್ತಿಗೆ ಕೊಳದಲ್ಲಿ ಕಪ್ಪೆಗಳು ವಟಗುಟ್ಟಲು ಶುರುಮಾಡಿದ್ದವು. ಕಪ್ಪೆ ಕೂಗಿದ ಮೇಲೆ ಇಳಿದ ರಸದಿಂದ ಪಾಕ ಮಾಡಿದರೆ ಅದಕ್ಕೆ ಒದ್ದೆ ಕಾಲುಚೀಲದ ವಾಸನೆ ಬರುತ್ತದೆ. ಎಲ್ವಿನ್ ಅದನ್ನೇ ನಲವತ್ತು ಬಾಟಲಿಗೆ ತುಂಬಿ ನೆಂಟರಿಷ್ಟರಿಗೆಲ್ಲ ಹಂಚಿದ. ಎದುರುಮನೆಯ ಹ್ಯಾಟಿ ಪರ್ಕಿನ್ಸ್ ಅದನ್ನು ತಟ್ಟೆಗೆ ಸುರಿದು ಕಿಟಕಿಯಲ್ಲಿಟ್ಟು ನೊಣ ಹಿಡಿದಳು. ನೊಣಗಳಿಗೆ ತುಂಬಾ ಇಷ್ಟವಾಯಿತು ಎಂದು ಅವನ ಎದುರಿಗೇ ಹೇಳಿದಳು ಕೂಡ.

ಮನೆಯ ಹಿಂದಿನ ಇಳಿಜಾರಿನಲ್ಲಿದ್ದ ಇನ್ನೂರು ಮೇಪಲ್ ಮರಗಳು ಎಲ್ವಿನ್‌ನವಲ್ಲ. ಅವು ಅವನ ಹೆಂಡತಿ ಆರ್ಲೀನಳ ಅಪ್ಪನವು. ಆತ ಸಾಯುವಾಗ ಆರ್ಲೀನ್ ಮತ್ತು ಅವಳ ಅಣ್ಣ ಡ್ವೈಟ್ ಇಬ್ಬರಿಗೂ ಜಂಟಿಯಾಗಿ ಬಿಟ್ಟುಹೋಗಿದ್ದ. ಈ ಡ್ವೈಟ್ ಕೋಲ್ಬರ್ನ್ ಗುಡ್ಡದ ಆಚೆ ಬದಿಯಲ್ಲಿ ಹನ್ನೊಂದು ಸಾವಿರ ಮರಗಳಿಗೆ ನೀಲಿ ಪ್ಲಾಸ್ಟಿಕ್ ಕೊಳವೆ ಎಳೆದು, ಪಂಪು ಕೂರಿಸಿ, ಮರಗಳ ರಸವನ್ನು ಹೀರಿಸುವ ದೊಡ್ಡ ಕುಳ. ಬಕೆಟ್ ತೂಗುಹಾಕಿ, ತೊಟ್ಟಿಕ್ಕುವ ತನಕ ಕಾದು, ಹೊತ್ತು ತಂದು ಕಾಯಿಸುವ ಎಲ್ವಿನ್‌ನನ್ನು ಕಂಡರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ಸಿಟ್ಟನ್ನಾದರೂ ತಡೆದುಕೊಳ್ಳಬಹುದು.

ಹೊಸ ವರ್ಷದ ಮೊದಲ ಭಾನುವಾರ ಹುರುಳಿ ಬೇಯಿಸಿದ ಊಟಕ್ಕೆ ಬಂದ ಡ್ವೈಟ್ ಎರಡನೇ ಸಲ ಬಡಿಸಿಕೊಳ್ಳುತ್ತ ವಿಷಯ ತೆಗೆದ.

"ಎಲ್ವಿನ್, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ ಮಾರಾಯ. ಆ ಮರಗಳ ಮೇಲೆ ಕನಿಕರ, ಅಷ್ಟೇ. ಈ ವರ್ಷ ಅವಕ್ಕೂ ಕೊಳವೆ ಹಾಕಿಸ್ಬಿಡ್ತೀನಿ. ನಿನ್ ಬಕೆಟ್‌ಗಳಲ್ಲಿ ಆರ್ಲೀನ್ ಹೂವಿನ ಗಿಡ ನೆಟ್ಕೊಳ್ಳಲಿ."

ಎಲ್ವಿನ್‌ಗೆ ಪಿತ್ತ ನೆತ್ತಿಗೇರಿತು. ಅದಕ್ಕೆ ಕಾರಣವಿದೆ. ಆ ಹೊಲಮನೆಯಲ್ಲಿ ಹಸುಗಳು ಆರ್ಲೀನಳ ಮಾತು ಕೇಳುತ್ತಿದ್ದವು, ಟ್ರ್ಯಾಕ್ಟರ್ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ತನ್ನದು ಎನ್ನಲು ಎಲ್ವಿನ್‌ಗೆ ಇದ್ದದ್ದು ಆ ಇನ್ನೂರು ಮರಗಳ ಕೆಲಸವೊಂದೇ. ಇಪ್ಪತ್ತಾರು ವರ್ಷ ಅವುಗಳ ನಡುವೆ ಹಿಮ ತುಳಿದಿದ್ದ. ಖಾಲಿ ಬಕೆಟ್ಟಿನ ತಳಕ್ಕೆ ಮೊದಲ ಹನಿ ಬೀಳುವ ಸದ್ದು ಕೇಳುವುದಕ್ಕೆಂದೇ ಅವನು ಚಳಿಗಾಲ ಕಳೆಯುತ್ತಿದ್ದ. ಪ್ಲಾಸ್ಟಿಕ್ ಕೊಳವೆಯಲ್ಲಿ ಹನಿ ಬಿದ್ದರೆ ಯಾರಿಗೂ ಕೇಳಿಸುವುದಿಲ್ಲ. ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದರೆ ಡ್ವೈಟ್‌ಗೂ ಅರ್ಥವಾಗುತ್ತಿತ್ತೋ ಏನೋ. ಆದರೆ ಎಲ್ವಿನ್ ಹೇಳಿದ್ದೇ ಬೇರೆ. ಈ ವರ್ಷ ಊರಿಗೇ ಮೊದಲ ಹಬೆ ತನ್ನ ಪಾಕದ ಮನೆಯಿಂದಲೇ ಏಳುತ್ತದೆ, ಮಾರ್ಚ್ ತಿಂಗಳ ಮೊದಲ ಮಂಗಳವಾರದ ಊರಸಭೆಯೊಳಗೆ ತಾನು ಪಾಕ ಕಾಯಿಸದಿದ್ದರೆ ಮರಗಳನ್ನು ಡ್ವೈಟ್ ತಗೊಂಡು ಹೋಗಬಹುದು ಎಂದುಬಿಟ್ಟ. ಬಾಯಿ ಮುಚ್ಚಿಸಲು ಆರ್ಲೀನ್ ಅವನ ತಟ್ಟೆಗೆ ಇನ್ನೊಂದು ಸೌಟು ಹುರುಳಿ ಹಾಕಿದಳು. ಅಷ್ಟರಲ್ಲಿ ಡ್ವೈಟ್ ಕೈ ಚಾಚಿ ಅವನ ಕೈ ಕುಲುಕಿಯಾಗಿತ್ತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಈ ಪಂದ್ಯ ಊರಿಗೆಲ್ಲ ಗೊತ್ತಾಯಿತು.

ಅಂದಿನಿಂದ ಎಲ್ವಿನ್ ತಯಾರಿಗೆ ಬಿದ್ದ. ಇನ್ನೂರು ಬಕೆಟ್ ತೊಳೆದ. ಇನ್ನೂರು ಮುಚ್ಚಳ ತೊಳೆದ, ಅದರಲ್ಲಿ ಹದಿನೇಳು ಯಾವ ಬಕೆಟ್ಟಿಗೂ ಕೂರದಿದ್ದಾಗ ಮತ್ತೊಮ್ಮೆ ತೊಳೆದ. ಸೌದೆ ಸೀಳಿ ಛಾವಣಿಯವರೆಗೆ ಪೇರಿಸಿದ. ಚಿಮಣಿಯಲ್ಲಿ ಅಳಿಲಿಲ್ಲವೆಂದು ಖಾತ್ರಿಯಾಗಲು ತಲೆ ತೂರಿಸಿ ನೋಡಿ, ಎರಡು ದಿನ ಕಪ್ಪು ಮುಖದಲ್ಲಿ ಓಡಾಡಿದ. ಉಳಿದದ್ದು ಕೊಪ್ಪರಿಗೆ. ಎಂಟು ಅಡಿ ಉದ್ದದ ಆ ತಗಡಿನ ಕೊಪ್ಪರಿಗೆಗೆ ಒಂದು ಮೂಲೆಯಲ್ಲಿ ಬೆಸುಗೆ ಬಿಟ್ಟಿತ್ತು. ಪಟ್ಟಣದ ವೆಲ್ಡರ್ ಹತ್ತಿರ ಒಯ್ಯಿ ಎಂದು ಆರ್ಲೀನ್ ಹೇಳಿದಳು. ಒಂದು ಮೂಲೆ ಬೆಸೆಯಲು ಬಾರದವನು ಊರಿಗೆ ಮೊದಲ ಹಬೆ ಏಳಿಸುತ್ತಾನೆಯೇ ಎಂದು ಎಲ್ವಿನ್ ತಾನೇ ಬೆಸೆದ. ಮೊದಲ ಸಲ ಕೊಪ್ಪರಿಗೆಯ ಜತೆ ತನ್ನ ಕೈಗವಸನ್ನೂ ಬೆಸೆದ. ಎರಡನೇ ಸಲ ಸರಿಹೋದಂತೆ ಕಂಡಿತು.

ಬೆಸೆದ ಕೊಪ್ಪರಿಗೆಯನ್ನು ರಸ ಹಾಕುವ ಮೊದಲು ನೀರು ಕುದಿಸಿ ಪರೀಕ್ಷೆ ಮಾಡಬೇಕು. ಎಲ್ಲರೂ ಮಾಡುತ್ತಾರೆ, ಆದರೆ ಎಲ್ಲರೂ ಸಣ್ಣ ಉರಿಯಲ್ಲಿ ಮಾಡುತ್ತಾರೆ. ಎಲ್ವಿನ್ ಫೆಬ್ರವರಿ ಮಧ್ಯದ ಒಂದು ಶನಿವಾರ ಬೆಳಿಗ್ಗೆ ಕೊಪ್ಪರಿಗೆಯ ಕಂಠದವರೆಗೆ ನೀರು ತುಂಬಿದ. ಹಳೇ ಕಲೆ ಹೋಗಲಿ ಎಂದು ಎರಡು ಬಾಟಲಿ ವಿನಿಗರ್ ಸುರಿದ. ಆಮೇಲೆ ಒಲೆಗೆ ಪೈನ್ ಸೌದೆ ತುರುಕಿದ, ಒಂದು ಹಡಗು ಹೊರಡುವಷ್ಟು. ಅಂದು ಉಸಿರಾಡಿದರೆ ಮೂಗಿನ ಕೂದಲು ಹೆಪ್ಪುಗಟ್ಟುವಂಥ ಚಳಿ, ಒಂದಿಷ್ಟೂ ಗಾಳಿಯಿರಲಿಲ್ಲ. ಪಾಕದ ಮನೆಯ ಛಾವಣಿಯ ಬಾಗಿಲಿನಿಂದ ಹಬೆ ನೆಟ್ಟಗೆ ಮೇಲೆದ್ದು ನೀಲಿ ಆಕಾಶದಲ್ಲಿ ಬಿಳಿಯ ಕಂಬವಾಗಿ ನಿಂತಿತು. ಎಲ್ವಿನ್ ಅದನ್ನು ನೋಡಲೇ ಇಲ್ಲ. ಅವನು ಕೊಪ್ಪರಿಗೆಯ ಕೆಳಗೆ ಮಂಡಿಯೂರಿ ಮೂಲೆ ಸೋರುತ್ತದೆಯೇ ಎಂದು ಇಣುಕುತ್ತಿದ್ದ.

ಹ್ಯಾಟಿ ಪರ್ಕಿನ್ಸ್ ನೋಡಿದಳು. ಪೆಕ್ಸ್ ಗೋರ್‌ನಲ್ಲಿ ಪಾಕದ ಮನೆಯಿಂದ ಹಬೆ ಎದ್ದರೆ ಬೇರೆ ಆಮಂತ್ರಣ ಬೇಕಿಲ್ಲ. ಡೋನಟ್ ಮತ್ತು ಹುಳಿ ಸೌತೆಕಾಯಿಯ ಜಾಡಿ ಹಿಡಿದು ಯಾರು ಬೇಕಾದರೂ ಹೋಗಬಹುದು. ಮನೆಯವನು ಬಿಸಿ ಪಾಕವನ್ನು ಹಿಮದ ಮೇಲೆ ಎರೆದು ಕೊಡಬೇಕು. ಹ್ಯಾಟಿ ಆರು ಮನೆಗೆ ಫೋನ್ ಮಾಡಿ, ಕೋಟು ಏರಿಸಿ, ರಸ್ತೆ ದಾಟಿ ಬಂದಳು. ಒಂದು ಕಂಕುಳಲ್ಲಿ ಜಾಡಿ, ಒಂದು ಕೈಯಲ್ಲಿ ಡೋನಟ್ ಡಬ್ಬಿ.

"ಎಲ್ವಿನ್ ಥೇಯರ್, ಈ ಜನ್ಮದಲ್ಲಿ ಇದನ್ನ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ ಕಣೋ," ಎಂದಳು. "ಡ್ವೈಟ್ ಇನ್ನೂ ಬೈರಿಗೆ ಕೂಡ ಹೊರಗೆ ತೆಗ್ದಿಲ್ಲ."

ಎಲ್ವಿನ್ ಕೊಪ್ಪರಿಗೆಯ ಕೆಳಗಿನಿಂದ ತಲೆ ಹೊರಗೆ ತೆಗೆದು, "ಹ್ಯಾಟಿ, ಇದು ಬರೀ..." ಎಂದು ಬಾಯಿ ತೆರೆದ. ಇನ್ನು ಉಳಿದದ್ದು "ನೀರು" ಎಂಬ ಒಂದು ಪದ. ಅದನ್ನು ಹೇಳಲಿಕ್ಕೇ ಹೊರಟಿದ್ದೆ ಎಂದು ಅವನು ಇವತ್ತಿಗೂ ಪ್ರಮಾಣ ಮಾಡುತ್ತಾನೆ. ಆದರೆ ಹ್ಯಾಟಿಯ ಮುಖದಲ್ಲಿ ಹನ್ನೊಂದು ವರ್ಷದಲ್ಲಿ ಕಾಣದಿದ್ದ ಗೌರವ ಕಂಡಿತು. ನೊಣ ಹಿಡಿದ ಹೆಂಗಸು ಅದೇ ಕೈಯಿಂದ ಅವನಿಗೆ ಡೋನಟ್ ಚಾಚುತ್ತಿದ್ದಳು.

"ಬರೀ ಶುರು," ಎಂದ ಎಲ್ವಿನ್.

ಆಮೇಲೆ ಜನ ಬರತೊಡಗಿದರು. ಊರಿನ ರಸ್ತೆಗಳನ್ನೂ ಸ್ಮಶಾನವನ್ನೂ ನೋಡಿಕೊಳ್ಳುವ ರಾಯ್ಸ್ ಮಡ್ಜೆಟ್ ಹಿಮ ತೆಗೆಯುವ ಲಾರಿಯನ್ನು ನಡುರಸ್ತೆಯಲ್ಲೇ ಬಿಟ್ಟು ಬಂದ. ಎಂಬತ್ತೆಂಟು ವರ್ಷದ ಲೈಮನ್ ತಾತನನ್ನು ಇಬ್ಬರು ಕುರ್ಚಿ ಸಮೇತ ಎತ್ತಿ ತಂದರು. ಇಂಥ ಚಳಿಯಲ್ಲಿ ಮರದಿಂದ ರಸ ಇಳಿಯುವುದಿಲ್ಲ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿದರೆ ಮಾತ್ರ ಇಳಿಯುತ್ತದೆ. ಇದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾರೋ ಒಬ್ಬರು ಕೇಳಿಯೂ ಕೇಳಿದರು. ಲೈಮನ್ ತಾತ ಕಣ್ಣು ಮುಚ್ಚಿ ಹಬೆಯನ್ನು ಎಳೆದುಕೊಂಡು, ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ, ಬಿಸಿಲು ಬಿದ್ದ ಕಡೆ ಮರಕ್ಕೆ ಬೇಗ ಎಚ್ಚರವಾಗುತ್ತದೆ ಎಂದ. ವಾಸನೆ ಸ್ವಲ್ಪ ಹುಳಿಯಾಗಿದೆಯಲ್ಲ ಎಂದು ರಾಯ್ಸ್ ಅಂದಿದ್ದಕ್ಕೆ, ಮೊದಲ ರಸದ ಗುಣವೇ ಅದು, ಈಗಿನವರಿಗೆ ಮೂಗಿಲ್ಲ ಎಂದು ಗದರಿದ. ಗದರಿಸಿಕೊಂಡ ಮೇಲೆ ರಾಯ್ಸ್‌ಗೂ ಪರಿಮಳ ಬಂತು. ಸೌಟಿನಲ್ಲಿ ಕೊಪ್ಪರಿಗೆಯಿಂದ ಒಂದಿಷ್ಟು ತೆಗೆದು ತಾತನ ಮೂಗಿನ ಕೆಳಗೆ ಹಿಡಿದರು. ತಾತ ಬೆಳಕಿಗೆ ಹಿಡಿದು ನೋಡಿದ, ನಾಲಿಗೆಗೆ ತಾಗಿಸಿದ.

"ಅರವತ್ತೆರಡು ವರ್ಷ ಪಾಕ ಮಾಡಿದ ಕೈ ಇದು," ಎಂದ. "ಇಷ್ಟು ತಿಳಿ ಬಣ್ಣ ಎಲ್ಲೂ ನೋಡಿಲ್ಲ."

ನೋಡಿರಲು ಸಾಧ್ಯವಿರಲಿಲ್ಲ. ಬಣ್ಣ ತಿಳಿಯಾದಷ್ಟೂ ಪಾಕ ಮೇಲ್ತರದ್ದು ಎಂಬುದು ಆ ಊರಿನ ನಂಬಿಕೆ, ಬಾವಿಯ ನೀರಿಗಿಂತ ತಿಳಿಯಾದದ್ದು ಇಲ್ಲ.

ಇನ್ನು ಹಿಮದ ಮೇಲೆ ಪಾಕ ಎರೆಯಬೇಕು. ಹೆಂಗಸರು ಆಗಲೇ ಬೇಸಿನ್ ತುಂಬ ಶುದ್ಧ ಹಿಮ ಒತ್ತಿ ತಂದು ಸಾಲಾಗಿ ಇಟ್ಟಿದ್ದರು. ಎಲ್ವಿನ್ ಒಂದು ನಿಮಿಷ ಎಂದು ಹಿಂಬಾಗಿಲಿನಿಂದ ಮನೆಗೆ ಓಡಿದ. ಅಡುಗೆಮನೆಯ ಕಪಾಟಿನಲ್ಲಿ ಅವನು ಹಂಚಿ ಉಳಿದ ಕಪ್ಪೆಪಾಕದ ಬಾಟಲಿಗಳಿದ್ದವು. ಅವುಗಳ ಪಕ್ಕದಲ್ಲಿ ಕ್ರಿಸ್‌ಮಸ್‌ಗೆ ಡ್ವೈಟ್ ಕೊಟ್ಟಿದ್ದ, ಅವನದೇ ಮರಗಳ ಪಾಕದ ಒಂದು ದೊಡ್ಡ ಜಾಡಿ, ಹೊನ್ನಿನ ಬಣ್ಣದ್ದು. ಅದನ್ನು ಕೋಟಿನೊಳಗೆ ಮರೆಮಾಡುವುದನ್ನು ಒಲೆಯ ಹತ್ತಿರವಿದ್ದ ಆರ್ಲೀನ್ ನೋಡಿದಳು.

"ಏನ್ರೀ ಅಲ್ಲಿ ಅಷ್ಟೊಂದು ಜನ?"

"ಏನಿಲ್ಲ, ಸುಮ್ನೆ ಬಂದಿದಾರೆ."

"ನೀರು ಕುದಿಯೋದು ನೋಡೋಕಾ?"

ಈ ಪ್ರಶ್ನೆಗೆ ಆಮೇಲೆ ಉತ್ತರಿಸುವುದೆಂದು ತೀರ್ಮಾನಿಸಿ ಎಲ್ವಿನ್ ಓಡಿದ. ಚಿಕ್ಕ ಪಾತ್ರೆಯಲ್ಲಿ ಡ್ವೈಟ್‌ನ ಪಾಕವನ್ನು ದಾರ ಬರುವಂತೆ ಕಾಯಿಸಿ, ಹಿಮದ ಮೇಲೆ ಎರೆದ. ಅದು ಅಂಟಂಟಾಗಿ ಗಟ್ಟಿಯಾದದ್ದನ್ನು ಫೋರ್ಕಿಗೆ ಸುತ್ತಿ ತಿಂದು, ಮೇಲೆ ಹುಳಿ ಸೌತೆ ಕಚ್ಚಿ, ಮತ್ತೆ ತಿಂದು, ಜನ ಅವನನ್ನು ಹೊಗಳಿದ್ದೇ ಹೊಗಳಿದ್ದು. ಹ್ಯಾಟಿಯ ಕಣ್ಣಲ್ಲಿ ನೀರು ಬಂತು. ಎಲ್ವಿನ್‌ಗೆ ತಾನು ನಿಜವಾಗಿಯೂ ಪಾಕ ಮಾಡಿದ್ದೇನೆ ಎಂದು ಅರ್ಧಂಬರ್ಧ ಅನಿಸತೊಡಗಿತು.

ಆಗ ಬಾಗಿಲಲ್ಲಿ ಡ್ವೈಟ್ ಬಂದು ನಿಂತ. ಒಳಗಿದ್ದವರೆಲ್ಲ ದಾರಿ ಬಿಟ್ಟರು. ಅವನು ಒಂದು ಫೋರ್ಕ್ ತೆಗೆದುಕೊಂಡು, ಸುತ್ತಿ, ಬಾಯಿಗಿಟ್ಟು, ನಿಧಾನವಾಗಿ ಅಗಿದ.

"ಪರ್ವಾಗಿಲ್ಲ," ಎಂದ. "ಆದ್ರೆ ಸತ್ವ ಇಲ್ಲ ಇದಕ್ಕೆ. ಚೂರು ತಳ ಹಿಡಿಸಿದೀಯ ಬೇರೆ. ನಮ್ದು ಒಂದ್ಸಲ ತಿಂದ್ನೋಡು ಎಲ್ವಿನ್, ಪಾಕ ಅಂದ್ರೇನು ಅಂತ ಗೊತ್ತಾಗತ್ತೆ."

ಎಲ್ವಿನ್‌ಗೆ ಮೈಯೆಲ್ಲ ಉರಿದುಹೋಯಿತು. ಇಂಥ ಅವಮಾನಕ್ಕೆ ಇಂಥ ಉತ್ತರ ಕೈಯಲ್ಲಿದ್ದೂ ಕೊಡಲಾಗದ ಸ್ಥಿತಿ ಶತ್ರುವಿಗೂ ಬರಬಾರದು. ಅವನು ಡೋನಟ್ ಕಚ್ಚಿಕೊಂಡು ನಿಂತ.

ಅಂದು ಮಧ್ಯಾಹ್ನದಿಂದಲೇ ಪೆಕ್ಸ್ ಗೋರ್‌ನ ಮರಗಳಿಗೆಲ್ಲ ಬೈರಿಗೆ ಬೀಳತೊಡಗಿತು. ಎಲ್ವಿನ್‌ನಂಥ ಎಲ್ವಿನ್ ಪಾಕ ಕಾಯಿಸಿದ ಮೇಲೆ ಉಳಿದವರು ಮನೆಯಲ್ಲಿ ಕೂತಿರುವುದು ಹೇಗೆ? ಡ್ವೈಟ್ ಪಕ್ಕದ ಊರಿನಿಂದ ಆರು ಜನರನ್ನು ಕರೆಸಿ ನಾಲ್ಕು ದಿನದಲ್ಲಿ ಹನ್ನೊಂದು ಸಾವಿರ ಮರ ಕೊರೆಸಿದ. ಐದನೇ ದಿನದಿಂದ ಚಳಿ ಇನ್ನೂ ಬಿಗಿಯಿತು. ಎರಡು ವಾರ ಒಂದು ಹನಿ ರಸ ಇಳಿಯಲಿಲ್ಲ. ಕೊರೆದ ತೂತು ಬಹಳ ದಿನ ಹಸಿಯಾಗಿರುವುದಿಲ್ಲ, ಕ್ರಮೇಣ ಒಣಗಿ ಮುಚ್ಚಿಕೊಳ್ಳುತ್ತದೆ. ಒಂದೊಂದು ದಿನ ಕಳೆದಂತೆ ಊರಿನ ತೂತುಗಳು ಒಣಗುತ್ತಿದ್ದವು, ಜತೆಗೆ ಊರಿನ ತಾಳ್ಮೆಯೂ.

ಎಲ್ವಿನ್ ನಿಜ ಹೇಳಬೇಕೆಂದು ಮೂರು ಸಲ ಹೊರಟ. ಒಂದು ಸಲ ಹ್ಯಾಟಿಯ ಅಂಗಳದವರೆಗೆ ಹೋದ. ಅವಳು ತನ್ನ ತಂಗಿಗೆ ಫೋನಿನಲ್ಲಿ ಅವನ ಪಾಕವನ್ನು ಹೊಗಳುತ್ತಿದ್ದಳು, ಅಡ್ಡ ಬರುವುದು ಸಭ್ಯತೆಯಲ್ಲ ಎಂದು ಹಿಂದಿರುಗಿದ. ನಿಜವಾದ ರಸ ಇಳಿದರೆ ಸಭೆಯ ಮೊದಲೇ ನಿಜವಾದ ಪಾಕ ಕಾಯಿಸಿಬಿಡಬಹುದು, ಆಗ ಯಾವ ಸುಳ್ಳೂ ಉಳಿಯುವುದಿಲ್ಲ ಎಂಬುದು ಅವನ ಲೆಕ್ಕ. ಅದಕ್ಕೇ ಚಳಿ ಮುರಿಯಲಿ ಎಂದು ಬಕೆಟ್ ಕೂಡ ತೂಗುಹಾಕದೆ ಕಾದ. ಆ ಒಂದು ಬುದ್ಧಿವಂತಿಕೆಯೇ ಅವನಿಗೆ ಮುಳುವಾಯಿತು.

ರಾಯ್ಸ್ ಒಂದು ದಿನ ಹಿಮ ತೆಗೆಯುತ್ತ ಹಾದುಹೋಗುವಾಗ ಇಳಿಜಾರಿನತ್ತ ನೋಡಿದ. ಇನ್ನೂರು ಮರ, ಒಂದರ ಮೇಲೂ ಬಕೆಟ್ ಇರಲಿಲ್ಲ. ಲಾರಿ ನಿಲ್ಲಿಸಿ ಹತ್ತಿರ ಹೋಗಿ ನೋಡಿದ. ಹೊಸ ತೂತೊಂದೂ ಇರಲಿಲ್ಲ. ಹಾಗಾದರೆ ಅಂದು ಕುದಿದದ್ದು ಯಾರ ಮರದ ರಸ? ಇನ್ನೊಬ್ಬನಾಗಿದ್ದರೆ ಅದು ರಸವೇ ಅಲ್ಲವೇನೋ ಎಂದು ಯೋಚಿಸುತ್ತಿದ್ದ. ಆದರೆ ರಾಯ್ಸ್ ಅಂದು ಸ್ವತಃ ಪರಿಮಳ ಎಳೆದವನು. ಅವನು ನೇರ ತನ್ನ ಸ್ಮಶಾನಕ್ಕೆ ಹೋದ. ಅಲ್ಲಿನ ಏಳು ಹಳೆಯ ಮೇಪಲ್‌ಗಳು ಊರಿನ ಆಸ್ತಿ, ಅವುಗಳನ್ನು ಯಾರೂ ಮುಟ್ಟುವುದಿಲ್ಲ. ಎರಡು ಮರಗಳ ತೊಗಟೆಯ ಮೇಲೆ ಸಾಲಾಗಿ ತೂತುಗಳಿದ್ದವು.

ಎಲ್ವಿನ್ ಥೇಯರ್ ಸತ್ತವರ ಮರದಿಂದ ರಸ ಕದ್ದ ಎಂಬ ಸುದ್ದಿ ಮರುದಿನದೊಳಗೆ ಮನೆಮನೆ ಸುತ್ತಿತು. ಅಂಗಡಿಯಲ್ಲಿ ಅವನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಅಲ್ಲಿ ಮಣ್ಣಾದ ತನ್ನ ಗಂಡನ ತಲೆಯ ಮೇಲಿದ್ದ ಮರದ ರಸವನ್ನು ತಾನೇ ಹೊಗಳಿ ತಿಂದೆನಲ್ಲ ಎಂದು ಹ್ಯಾಟಿ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಫೋನ್ ಮಾಡಿ ಸೌತೆಕಾಯಿಯ ಜಾಡಿ ವಾಪಸ್ ಕೇಳಿದಳು. ಪೆಕ್ಸ್ ಗೋರ್‌ನಲ್ಲಿ ಜಾಡಿ ವಾಪಸ್ ಕೇಳಿದರೆ ಮಾತು ಬಿಟ್ಟಂತೆ. ಎಲ್ವಿನ್‌ಗೆ ಎಷ್ಟು ಸಿಟ್ಟು ಬಂತೆಂದರೆ ಜಾಡಿ ಕೊಡುವುದನ್ನೇ ಮರೆತ.

ಊರಸಭೆಯ ದಿನ ಬಂತು. ಶಾಲೆಯ ಹಾಲಿನಲ್ಲಿ ಮಡಚುವ ಕುರ್ಚಿಗಳು, ಹಿಂದೆ ಊಟದ ಮೇಜಿನ ಮೇಲೆ ಹದಿನಾಲ್ಕು ಬಗೆಯ ಹುರುಳಿ. ಹೆಂಗಸರು ಹೆಣಿಗೆ ಹಿಡಿದು ಕೂತಿದ್ದರು. ಸಭೆ ನಡೆಸುವ ಯೂನಿಸ್ ವಿಟ್‌ಕಾಂಬ್ ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದವಳು. ಅವಳ ಎದುರು ಅನುಮತಿಯಿಲ್ಲದೆ ಕೆಮ್ಮಲೂ ಜನ ಅಂಜುತ್ತಿದ್ದರು. ರಸ್ತೆಗೆ ಸುರಿಯುವ ಜಲ್ಲಿಯ ಬಗ್ಗೆ ಮುಕ್ಕಾಲು ಗಂಟೆ ಜಗಳವಾಯಿತು. ಕೊನೆಯಲ್ಲಿ ಇತರ ವಿಷಯ ಎಂದಾಗ ರಾಯ್ಸ್ ಎದ್ದು ನಿಂತು, ಸ್ಮಶಾನದ ಮರಗಳ ಸಂಗತಿ ಎತ್ತಿದ. ಎಲ್ವಿನ್ ಉತ್ತರ ಕೊಡಲಿ ಎಂದು ಯೂನಿಸ್ ಹೇಳಿದಳು.

ಎಲ್ವಿನ್ ಎದ್ದ. ಮುಂದಿನ ಸಾಲಿನಲ್ಲಿ ಡ್ವೈಟ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ರಸ ತನ್ನದೇ ಮರದ್ದು ಎಂದು ಒಂದು ಮಾತು ಹೇಳಿ ಕೂತರೆ ಇನ್ನೂರು ಮರ ಉಳಿಯುತ್ತವೆ, ಆದರೆ ತೂತಿಲ್ಲದ ಮರದ ಮಾತನ್ನು ಯಾರೂ ನಂಬದೆ ಕಳ್ಳನೆಂಬ ಹೆಸರೂ ಉಳಿಯುತ್ತದೆ. ನಿಜ ಹೇಳಿದರೆ ಇವತ್ತು ಮಂಗಳವಾರ, ಪಂದ್ಯ ಮುಗಿಯಿತು, ನಾಳೆಯೇ ಡ್ವೈಟ್ ಕೊಳವೆ ಎಳೆಸುತ್ತಾನೆ. ಎಲ್ವಿನ್ ಆರ್ಲೀನಳ ಕಡೆ ನೋಡಿದ. ಅವಳು ಹೆಣಿಗೆಯ ಮನೆ ಎಣಿಸುತ್ತಿದ್ದಳು. ಮೊದಲು ಹೊರಬಂದದ್ದು ಅವನ ಸಿಟ್ಟು.

"ನಾನು ದಡ್ಡ ಇರಬಹುದು," ಎಂದ. "ಹನ್ನೊಂದು ವರ್ಷದಿಂದ ನೀವೆಲ್ಲ ಅದನ್ನೇ ಹೇಳ್ತಾ ಬಂದಿದೀರಿ, ಒಪ್ಕೊಂಡೆ. ಆದ್ರೆ ಕಳ್ಳ ಅಲ್ಲ. ಗೋರಿ ಮೇಲಿನ ಮರಕ್ಕೆ ಕೈ ಹಾಕೋ ಜಾತಿ ನಂದಲ್ಲ. ಅವತ್ತು ನಾನು ಕಾಯಿಸಿದ್ದು ರಸಾನೇ ಅಲ್ಲ. ನೀರು. ನಮ್ಮ ಬಾವಿ ನೀರು, ಎರಡು ಬಾಟ್ಲಿ ವಿನಿಗರ್. ಕೊಪ್ಪರಿಗೆ ತೊಳೀತಿದ್ದೆ. ನೀವು ತಿಂದ ಪಾಕ ಇದೆಯಲ್ಲ, ಅದು ಡ್ವೈಟ್ ಕ್ರಿಸ್‌ಮಸ್‌ಗೆ ಕೊಟ್ಟಿದ್ದು. ಸತ್ವ ಇಲ್ಲ, ತಳ ಹಿಡಿಸಿದೀಯ ಅಂತ ಅವ್ನೇ ಹೇಳಿದ. ಇಷ್ಟೇ. ಈಗ ಮರ ತಗೊಂಡು ಹೋಗು ಡ್ವೈಟ್, ನಾನು ಸೋತೆ."

ಹೇಳಿ ಕೂತ. ಡ್ವೈಟ್‌ನ ಮುಖ ಅವನ ಕೊಳವೆಗಳ ಬಣ್ಣಕ್ಕೆ ತಿರುಗಿತು. ಎಲ್ವಿನ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೈಗುಳ ಬರುತ್ತದೆ, ಆಮೇಲೆ ಕ್ಷಮೆ ಸಿಗುತ್ತದೆ ಎಂದು ಕಾದ.

ಎದ್ದವನು ಲೈಮನ್ ತಾತ. ಏಳಲು ಒಂದು ನಿಮಿಷ ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ.

"ಏನಂದೆ? ನೀರಾ?" ಎಂದ. "ಅರವತ್ತೆರಡು ವರ್ಷ ಪಾಕ ಮಾಡಿ, ರಸ ಯಾವ್ದು, ಕೊಪ್ಪರಿಗೆ ತೊಳೆದ ನೀರ್ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಊರವರ ಮುಂದೆ ಮುದುಕನ ಮಾನ ತೆಗೀತೀಯೇನೋ?"

ಎಲ್ವಿನ್ ದಿಕ್ಕುತಪ್ಪಿದವನಂತೆ ಸುತ್ತ ನೋಡಿದ. ಊರೆಲ್ಲ ಅವನನ್ನು ದುರುಗುಟ್ಟುತ್ತಿತ್ತು. ಅಂದು ಪರಿಮಳ ಎಳೆದವರು, ಕಣ್ಣೀರು ಹಾಕಿದವರು, ಕುರ್ಚಿ ಹೊತ್ತವರು, ಹಬೆ ನೋಡಿ ಚಳಿಯಲ್ಲಿ ಮರ ಕೊರೆದವರು, ಎಲ್ಲರ ಮುಖದಲ್ಲೂ ಒಂದೇ ಸಿಟ್ಟು. ಸ್ಮಶಾನದ ಮರದ ತೂತುಗಳು ಮರಕುಟಿಗ ಕುಕ್ಕಿದ್ದು, ತಾನು ಹುಡುಗನಾಗಿದ್ದಾಗಿನಿಂದ ಅಲ್ಲೇ ಇವೆ, ರಾಯ್ಸ್ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದೂ ತಾತ ಸೇರಿಸಿದ. ರಾಯ್ಸ್ ಕೂಡಲೇ ಒಪ್ಪಿಕೊಂಡ. ವಿನಿಗರ್ ನೀರಿಗೆ ಪರಿಮಳ ಕಂಡವನೆನಿಸಿಕೊಳ್ಳುವುದಕ್ಕಿಂತ ಮರಕುಟಿಗ ಗೊತ್ತಿಲ್ಲದವನೆನಿಸಿಕೊಳ್ಳುವುದು ವಾಸಿ.

ಹ್ಯಾಟಿ ಎದ್ದು ನಿರ್ಣಯ ಮಂಡಿಸಿದಳು: ಫೆಬ್ರವರಿಯ ಆ ಶನಿವಾರ ಎಲ್ವಿನ್ ಥೇಯರ್ ಕಾಯಿಸಿದ್ದು ಮೇಪಲ್ ರಸವೇ, ಅದು ಅವನದೇ ಇಳಿಜಾರಿನ ಮರಗಳದ್ದು ಎಂದು ಊರು ತೀರ್ಮಾನಿಸಬೇಕು. ಅನುಮೋದಿಸುವವರು ಯಾರು ಎಂದು ಯೂನಿಸ್ ಕೇಳಿದಳು. ಮುಂದಿನ ಸಾಲಿನಲ್ಲಿ ಡ್ವೈಟ್ ಗಂಟಲು ಸರಿಮಾಡಿಕೊಂಡ. ಪಾತ್ರೆ ತೊಳೆದ ಹಬೆ ನೋಡಿ ಹನ್ನೊಂದು ಸಾವಿರ ಮರ ಕೊರೆಸಿದವನು, ತನ್ನ ಪಾಕಕ್ಕೆ ತಾನೇ ತಳ ಹಿಡಿಸಿದ ವಾಸನೆ ಕಂಡವನು ಎಂದು ಸಾಯುವ ತನಕ ಅನ್ನಿಸಿಕೊಳ್ಳಬೇಕು. ಇಲ್ಲವೇ ಇನ್ನೂರು ಮರ ಬಿಡಬೇಕು.

"ಅನುಮೋದಿಸ್ತೀನಿ," ಎಂದ, ನೆಲ ನೋಡುತ್ತ.

ಎಲ್ವಿನ್ ಹಾರಿ ನಿಂತ. "ನಾನ್ ಕಾಯಿಸಿದ್ದೇನು ಅಂತ ನಂಗೆ ಗೊತ್ತಿಲ್ವಾ? ಇದ್ಯಾವ ನ್ಯಾಯ?"

"ಕೂತ್ಕೋ ಎಲ್ವಿನ್," ಎಂದಳು ಯೂನಿಸ್. "ನಿರ್ಣಯ ಮಂಡನೆಯಾಗಿದೆ. ನಿನ್ನ ಸರದಿ ಮುಗೀತು."

ಪರವಾಗಿರುವವರು ಹೌದು ಎನ್ನಿ ಎಂದಾಗ ಹಾಲಿನ ಕಿಟಕಿ ಗಾಜು ಅದುರಿತು. ವಿರೋಧ ಇರುವವರು ಎಂದಾಗ ಒಂದೇ ಒಂದು ದನಿ ಎದ್ದಿತು, ಅದು ಎಲ್ವಿನ್‌ನದು. ಅವನಿಗೆ ಎಲ್ಲಕ್ಕಿಂತ ನೋವಾದದ್ದು ಬೇರೆ. ಮೊದಲ ಸಲ ಹೌದು ಎಂದವರಲ್ಲಿ ಆರ್ಲೀನಳ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಗುಮಾಸ್ತೆ ಅದನ್ನು ಊರಿನ ದಾಖಲೆ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಎಲ್ಲರೂ ಹುರುಳಿ ಬಡಿಸಿಕೊಂಡರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಎಲ್ವಿನ್ ಕೂಗಾಡಿದ. ತಾನು ಸುಳ್ಳು ಹೇಳದೆ ಸುಮ್ಮನಿದ್ದಾಗ ನಂಬಿದ ಊರು ನಿಜ ಹೇಳಿದಾಗ ಮತ ಹಾಕಿ ಸೋಲಿಸಿತಲ್ಲ, ಇದಕ್ಕಿಂತ ಅನ್ಯಾಯ ಉಂಟೇ, ಅದಕ್ಕೆ ಹೆಂಡತಿಯೂ ಕೈಜೋಡಿಸಿದಳಲ್ಲ ಎಂದ. ಆರ್ಲೀನ್ ಕಾರಿನ ಕಿಟಕಿಯ ಗಾಜು ಒಂದಿಷ್ಟು ಇಳಿಸಿದಳು. ಹೊರಗೆ ಚಳಿ ಮುರಿದು ಗಾಳಿ ಬೆಚ್ಚಗಾಗಿತ್ತು. ಕೊಟ್ಟಿಗೆಯ ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು.

"ಆಯ್ತು, ಅನ್ಯಾಯ ಆಯ್ತು," ಎಂದಳು. "ಹೋಗಿ ಬೈರಿಗೆ ತಗೊಳ್ರಿ. ನಿಮ್ ಕೋಟಿನ ಜೇಬಲ್ಲಿದೆ."

ಅವನು ಐದು ದಿನ ಮರ ಕೊರೆದ. ಮೊದಲ ಬಕೆಟ್ಟಿನ ತಳಕ್ಕೆ ಮೊದಲ ಹನಿ ಬಿದ್ದಾಗ ಅಲ್ಲೇ ನಿಂತು ಹತ್ತು ಹನಿ ಕೇಳಿಸಿಕೊಂಡ. ಸಿಟ್ಟು ಅರ್ಧ ಇಳಿಯಿತು. ಊರಿನ ತೂತುಗಳು ಒಣಗಿ ಒಲ್ಲದ ಮನಸ್ಸಿನಿಂದ ತೊಟ್ಟಿಕ್ಕುತ್ತಿದ್ದಾಗ ಅವನ ಹಸಿ ತೂತುಗಳಿಂದ ಬಕೆಟ್ ತುಂಬಿ ಚೆಲ್ಲುವಷ್ಟು ರಸ ಇಳಿಯಿತು. ಮಾರ್ಚ್ ಮಧ್ಯದ ಒಂದು ಬೆಳಿಗ್ಗೆ ಅವನು ಕೊಪ್ಪರಿಗೆ ತುಂಬಿ ಒಲೆ ಹೊತ್ತಿಸಿದ. ಮೂಲೆ ಸೋರಲಿಲ್ಲ. ಹಬೆ ಎದ್ದಿತು. ಈ ಸಲ ಅದಕ್ಕೆ ಇಡೀ ಇಳಿಜಾರು ಘಮಘಮಿಸುವ ಪರಿಮಳವಿತ್ತು, ಸಂಜೆಯ ಹೊತ್ತಿಗೆ ಹೊನ್ನಿನಂಥ ಪಾಕ ಹದಕ್ಕೆ ಬಂದು ಸೌಟಿನ ಅಂಚಿನಿಂದ ಹಾಳೆಯಾಗಿ ಜಾರಿತು. ಎಲ್ವಿನ್ ಬಾಗಿಲು ಹಾರುಹೊಡೆದು ತೆರೆದಿಟ್ಟು, ಬೇಸಿನ್ನುಗಳಲ್ಲಿ ಹಿಮ ತುಂಬಿಸಿ, ಹತ್ತು ಫೋರ್ಕ್ ಜೋಡಿಸಿ, ಕಾದ.

ಯಾರೂ ಬರಲಿಲ್ಲ. ರಾಯ್ಸ್‌ನ ಲಾರಿ ಹಾರ್ನ್ ಹೊಡೆದು ಮುಂದೆ ಹೋಯಿತು. ಕೊನೆಗೆ ಎದುರುಮನೆಯ ಜಗಲಿಗೆ ಹ್ಯಾಟಿ ಬಂದಳು. ಅವಳ ಕೈಯಲ್ಲಿ ಡೋನಟ್ ಇರಲಿಲ್ಲ. ಹಬೆಯ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ರಸ್ತೆಯಾಚೆಯಿಂದ ಕೂಗಿದಳು.

"ಏನು ಎಲ್ವಿನ್, ಕೊಪ್ಪರಿಗೆ ತೊಳೀತಿದೀಯಾ?"

ಎಲ್ವಿನ್‌ನ ಮುಖ ಕೆಂಪಾಯಿತು. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಗೆ ಬಂತು. ಊರಸಭೆ, ದಾಖಲೆ ಪುಸ್ತಕ, ಹೌದು ಎಂದ ನೂರಿಪ್ಪತ್ತು ಬಾಯಿ. ಅಷ್ಟರಲ್ಲಿ ಆರ್ಲೀನ್ ಹಿಂಬಾಗಿಲಿನಿಂದ ಬಂದು, ಬೇಸಿನ್ ಪಕ್ಕ ಒಂದು ಜಾಡಿ ಇಟ್ಟಳು. ಹ್ಯಾಟಿಗೆ ವಾಪಸ್ ಕೊಡಲು ಅವನು ಮರೆತಿದ್ದ ಜಾಡಿ. ಸೌತೆಕಾಯಿ ಇನ್ನೂ ಅರ್ಧ ಉಳಿದಿತ್ತು.

"ಹೂಂ ಹ್ಯಾಟಿ," ಎಂದು ಎಲ್ವಿನ್ ಕೂಗಿದ. "ಬರೀ ನೀರು."

ಎಂದು ಬಾಗಿಲು ಹಾಕಿಕೊಂಡು ಹೆಂಡತಿಯ ಕೈಗೆ ಫೋರ್ಕ್ ಕೊಟ್ಟ.